ಹದಿನೇಳನೆಯ ಅಧ್ಯಾಯ

"ದೇವರು ಸ್ವಲ್ಪ ಕಮ್ಮಿಯಾಯ್ತು ಮೇಡಂ," ಎಂದರು ಮಾಲೀಕರು. ಹಸ್ತಪ್ರತಿಯ ಕಟ್ಟನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಅದರ ಅಂಚನ್ನು ದಿಟ್ಟಿಸುತ್ತಿದ್ದರು. ಅವರ ಪ್ರಕಾಶನಕ್ಕೆ ಕಾದಂಬರಿ ಬರೆಯುವ ಅವಳು ಹನ್ನೊಂದು ವರ್ಷದಿಂದ ನೋಡುತ್ತ ಬಂದ ಭಂಗಿ ಅದು. ಪುಸ್ತಕವನ್ನು ಓದಿಯೇ ತೂಗಬೇಕೆಂಬ ಭ್ರಮೆ ಅವರಿಗಿರಲಿಲ್ಲ. ಓದುವುದಕ್ಕೆ ಕರಡು ತಿದ್ದುವ ಮುದುಕರಿದ್ದರು. ಅವರು ಪ್ರತಿ ಪುಟದ ಪಕ್ಕ ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆದುಕೊಡುತ್ತಿದ್ದರು: ಪ್ರೀತಿಗೆ ಹಸಿರು, ಭಯಕ್ಕೆ ಕೆಂಪು, ದೇವರಿಗೆ ನೀಲಿ. ಗೆರೆ ಕಾಗದದ ತುದಿ ಮುಟ್ಟಬೇಕು. ಆಮೇಲೆ ಕಟ್ಟನ್ನು ತುಸು ಓರೆ ಮಾಡಿದರೆ ಅಂಚಿನಲ್ಲಿ ಮೂರು ಬಣ್ಣವೂ ಪಟ್ಟೆಪಟ್ಟೆಯಾಗಿ ಎದ್ದು ಕಾಣುತ್ತದೆ. ಮೂರೂ ಸಮವಿದ್ದರೆ ಅಚ್ಚಿಗೆ, ಇಲ್ಲದಿದ್ದರೆ ವಾಪಸ್ಸು. ಕಚೇರಿಯಲ್ಲಿ ಎಲ್ಲರೂ ಅವರ ಬೆನ್ನ ಹಿಂದೆ ಅವರನ್ನು ತಕ್ಕಡಿ ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. "ಬರೀ ಪ್ರೀತಿ ಆದರೆ ಹುಡುಗಿಯರು ಓದ್ತಾರೆ, ಬರೀ ಭಯ ಆದರೆ ಗಂಡಸರು ಓದ್ತಾರೆ, ಬರೀ ದೇವರು ಆದರೆ ಯಾರೂ ಓದಲ್ಲ. ಮೂರೂ ಸೇರಿದರೆ ಮನೆಮಂದಿಯೆಲ್ಲ," ಎಂದು ಹೊಸಬರಿಗೆ ಹೇಳುತ್ತಿದ್ದರು, ಔಷಧಿ ಅಂಗಡಿಯವನು ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಹೇಳುವ ಧಾಟಿಯಲ್ಲಿ.

"ಎಷ್ಟು ಬೇಕು?" ಎಂದಳು ಅವಳು.

"ಎರಡು ಪ್ರಾರ್ಥನೆ ಹಾಕಿಬಿಡಿ. ಒಂದು ಒಂಬತ್ತರಲ್ಲಿ, ಒಂದು ಹದಿಮೂರರಲ್ಲಿ. ಸಾಯಂಕಾಲದೊಳಗೆ ಕೊಟ್ಟರೆ ಸಾಕು. ಹದಿನೇಳನ್ನ ಮಾತ್ರ ಮುಟ್ಟಬೇಡಿ, ಅದು ಬಂಗಾರ. ಅದು ನಿಮ್ಮ ಕೈಗುಣ ಮೇಡಂ."

ಅವಳು ಕಟ್ಟನ್ನು ಎದೆಗವಚಿಕೊಂಡು ಮುಂದಿನ ಕೋಣೆಗೆ ಬಂದು ತನ್ನ ಮೇಜಿನ ಮುಂದೆ ಕೂತಳು. ಎದುರು ಮೂಲೆಯಲ್ಲಿ ಕರಡು ತಿದ್ದುವವರು ಭೂತಗನ್ನಡಿ ಹಿಡಿದು ಬಗ್ಗಿದ್ದರು. ಎರಡು ಮಾತಿನ ನಡುವೆ ನಿಂತು ಉಸಿರೆಳೆದುಕೊಳ್ಳುವ ಅಭ್ಯಾಸವಿದ್ದುದರಿಂದ ಅವರಿಗೆ ಅಲ್ಪವಿರಾಮ ಎಂದು ಹೆಸರು. "ಎಷ್ಟು, ಹೇಳಿದರು?" ಎಂದು ತಲೆಯೆತ್ತದೆ ಕೇಳಿದರು. "ಎರಡು." "ನನ್ನ ನೀಲಿ ಪೆನ್ಸಿಲು, ಮೊಂಡಾಗಿದೆ ಅಮ್ಮಾ. ಅದಕ್ಕೇ, ಗೆರೆ ತೆಳ್ಳಗೆ ಬಂದಿರಬೇಕು. ಚೂಪು ಮಾಡಿ ಎಳೆದರೆ, ನೀವು ಬರೆಯೋದೇ ಬೇಡ." ಅವಳಿಗೆ ನಗು ಬರಲಿಲ್ಲ. ಈಚೆಗೆ ಇಲ್ಲಿಯ ತಮಾಷೆಗಳೆಲ್ಲ ನಿಜಕ್ಕೆ ತೀರ ಹತ್ತಿರ ಬಂದು ಕೂರುತ್ತಿದ್ದವು. ಪ್ರಾರ್ಥನೆ ಬರೆಯುವುದು ಅವಳಿಗೆ ಕಷ್ಟವಲ್ಲ. ಹತ್ತು ಸಾಲು ಮೀರಬಾರದು. ಮೀರಿದರೆ ಬಾಗಿಲಾಚೆ ನಿಂತ ಕೊಲೆಗಾರನ ಕಾಲು ನೋಯುತ್ತದೆ, ಓದುಗರಿಗೆ ಆಕಳಿಕೆ ಬರುತ್ತದೆ. ಮೊದಲ ಮೂರು ಸಾಲು ದಣಿವು, ಆಮೇಲಿನ ನಾಲ್ಕು ಪ್ರಶ್ನೆ, ಕೊನೆಯ ಮೂರರಲ್ಲಿ ತಂಗಾಳಿ ಬೀಸಿದಂತೆ ಸಮಾಧಾನ. ಒಲೆಯ ಮೇಲೆ ಹಾಲಿಟ್ಟು ಉಕ್ಕುವುದರೊಳಗೆ ಅವಳು ಒಂದು ಬರೆದು ಮುಗಿಸಬಲ್ಲಳು. ಸ್ವಂತಕ್ಕೆಂದು ಕೊನೆಯ ಸಲ ಯಾವಾಗ ಪ್ರಾರ್ಥಿಸಿದ್ದೆ ಎಂದು ನೆನಪಿಲ್ಲ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ತುಟಿ ಅಲುಗಿಸುತ್ತಿದ್ದುದನ್ನು ನೋಡಿ, ಏನಮ್ಮ ಕೇಳ್ಕೋತೀಯ ದಿನಾ, ಎಂದು ಚಿಕ್ಕಂದಿನಲ್ಲಿ ಪೀಡಿಸಿದ್ದಳು. "ಏನೂ ಕೇಳಲ್ಲ ಕಣೆ. ಇದ್ದೀನಿ ಅಂತ ಹೇಳ್ತೀನಿ ಅಷ್ಟೆ." ಅಷ್ಟೇನಾ ಎಂದು ಅವಳಿಗೆ ನಿರಾಸೆಯಾಗಿತ್ತು. ಆ ಪ್ರಾರ್ಥನೆಯನ್ನು ಇವತ್ತು ಬರೆದುಕೊಟ್ಟರೆ ತಕ್ಕಡಿ ಒಪ್ಪುವುದಿಲ್ಲ. ಗೆರೆ ಎಳೆಯುವುದಕ್ಕೂ ಸಾಲದಷ್ಟು ಚಿಕ್ಕದು.

ಹದಿನೇಳು ಮಾತ್ರ ಅವಳದೇ ಸೃಷ್ಟಿ. ಇಪ್ಪತ್ತು ಅಧ್ಯಾಯದ ಪುಸ್ತಕದಲ್ಲಿ ಹದಿನಾರರ ಹೊತ್ತಿಗೆ ಎಲ್ಲ ಬೆರಳೂ ನಾಯಕನ ಕಡೆಗೇ ತೋರಿಸುತ್ತಿರಬೇಕು. ಹದಿನೇಳರಲ್ಲಿ ಹಿತೈಷಿಯೊಬ್ಬರು ಬರುತ್ತಾರೆ. ಚಿಕ್ಕಮ್ಮನೋ, ಡಾಕ್ಟರೋ, ಹಳೆಯ ಗೆಳತಿಯೋ. ಒಳ್ಳೆಯ ಮಾತಿನವರು, ಬುದ್ಧಿಯ ಮಾತನ್ನೇ ಆಡುವವರು. ಅವನನ್ನ ನಂಬಬೇಡಮ್ಮ, ಬಿಟ್ಟು ಬಾ, ಎನ್ನುತ್ತಾರೆ. ನಾಯಕಿ ಕುಸಿಯುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ, ಹತ್ತು ಸಾಲು ಪ್ರಾರ್ಥಿಸುತ್ತಾಳೆ, ಎದ್ದಾಗ ಅವಳ ಅನುಮಾನ ಕರಗಿರುತ್ತದೆ. ಹದಿನೆಂಟರಲ್ಲಿ ನಿಜವಾದ ಅಪರಾಧಿ, ಹತ್ತೊಂಬತ್ತರಲ್ಲಿ ಅಪಾಯ, ಇಪ್ಪತ್ತರಲ್ಲಿ ಹೊಸ ಮನೆ. ಒಂದೇ ಅಧ್ಯಾಯದಲ್ಲಿ ಮೂರು ಬಣ್ಣ. ಮೊದಲ ಸಲ ಇದರ ಅಂಚು ನೋಡಿ ಮಾಲೀಕರು ಕುರ್ಚಿಯಿಂದ ಎದ್ದು ನಿಂತಿದ್ದರು. ಆಮೇಲೆ ಮೂವತ್ತೇಳು ಪುಸ್ತಕಗಳಲ್ಲಿ ಮೂವತ್ತೇಳು ಹಿತೈಷಿಗಳು ಬಂದು ಅವಮಾನಗೊಂಡು ಹೋದರು. ಅವರಲ್ಲಿ ಒಬ್ಬರ ಮಾತಾದರೂ ನಿಜವಾಗಲು ಅವಳು ಬಿಟ್ಟಿರಲಿಲ್ಲ. ಮನೆಯಲ್ಲಿ ಗಂಡ ಊಟಕ್ಕೆ ಕೂತಾಗ, "ಇವತ್ತು ಯಾರನ್ನ ಸಾಯಿಸಿದೆ, ಯಾರ ಮದುವೆ ಮಾಡಿಸಿದೆ?" ಎಂದು ಕೇಳುತ್ತಾನೆ. ಉತ್ತರಕ್ಕೆ ಕಾಯುವುದಿಲ್ಲ. ಸಜ್ಜನ. ಬಚ್ಚಿಡುವುದಕ್ಕೆ ಅವನಲ್ಲಿ ಏನೂ ಇಲ್ಲ, ಕಥೆಗೆ ಒಂದು ಸಾಲಿನಷ್ಟೂ ಉಪಯೋಗವಿಲ್ಲದ ಮನುಷ್ಯ.

ಒಂಬತ್ತನೆಯ ಅಧ್ಯಾಯಕ್ಕೆ ದಣಿವಿನ ಮೂರು ಸಾಲು ಬರೆದಾಗಿತ್ತು. "ಅಮ್ಮಾ, ಯಾರೋ, ಬಂದಿದ್ದಾರೆ," ಎಂದರು ಅಲ್ಪವಿರಾಮ. "ಬರೆದವರನ್ನೇ, ನೋಡಬೇಕಂತೆ." ಬಾಗಿಲಲ್ಲಿ ಮೂವತ್ತೈದು ದಾಟಿರಬಹುದಾದ ಹೆಂಗಸೊಬ್ಬಳು ನಿಂತಿದ್ದಳು. ಎದೆಗೆ ಒತ್ತಿ ಹಿಡಿದ ಪುಸ್ತಕಕ್ಕೆ ಶಾಲೆಯ ಮಕ್ಕಳ ಹಾಗೆ ಕಂದು ಕಾಗದದ ಹೊದಿಕೆ. ಓದುಗರು! ತಿಂಗಳಿಗೆ ಇಬ್ಬರಾದರೂ ಬರುತ್ತಾರೆ, ಅತ್ತುಬಿಟ್ಟೆ ಅನ್ನುತ್ತಾರೆ, ನನ್ನ ಜೀವನವೂ ಒಂದು ಕಾದಂಬರಿ ಅನ್ನುತ್ತಾರೆ, ನೀರು ಕುಡಿದು ಹೋಗುತ್ತಾರೆ. ಮುಖದ ಮೇಲೆ ಎಳೆದುಕೊಳ್ಳಬೇಕಾದ ನಗುವನ್ನು ಅವಳು ಎಳೆದುಕೊಂಡಳು. ಹೆಂಗಸು ಹತ್ತಿರ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಆಗ ಕನ್ನಡಕ ಕಾಣಿಸಿತು. ಅದರ ಎರಡು ಕಾಲಿಗೂ ಕಪ್ಪು ದಾರ ಕಟ್ಟಿ ಕುತ್ತಿಗೆಗೆ ಬಿಗಿಯಾಗಿ ಗಂಟು ಹಾಕಿಕೊಂಡಿದ್ದಳು, ಮಲಗುವಾಗಲೂ ಬಿಚ್ಚುವವಳಲ್ಲ ಎನ್ನುವ ಹಾಗೆ.

"ನಾನೇ ಅಕ್ಕ," ಎಂದಳು ಹೆಂಗಸು, ಇಬ್ಬರೂ ಬಹಳ ದಿನದಿಂದ ಬಲ್ಲವರ ಹಾಗೆ. "ಕನ್ನಡಕದವಳು."

ನಾಲ್ಕು ಹಾಳೆ, ಗೆರೆ ಕಾಗದ, ಎರಡೂ ಮಗ್ಗುಲು. ಎರಡು ವರ್ಷದ ಹಿಂದೆ ಆ ಹೆಂಗಸಿನ ಕಾಗದ ಇದೇ ಮೇಜಿಗೆ ಬಂದಿತ್ತು. ಗಂಡ ಕನ್ನಡಕ ಬಚ್ಚಿಡುತ್ತಾನೆ. ಇವಳು ಕಣ್ಣು ಕಾಣದೆ ಮನೆಯೆಲ್ಲ ತಡವರಿಸಿ ಹುಡುಕುವುದನ್ನು ಕುರ್ಚಿಯಲ್ಲಿ ಕೂತು ನೋಡುತ್ತಾನೆ. ಕೊನೆಗೆ ಇವಳು ಹತ್ತು ಸಲ ಕೈಯಾಡಿಸಿದ ಜಾಗದಿಂದಲೇ ಎತ್ತಿಕೊಟ್ಟು, ನೋಡು, ಇಲ್ಲೇ ಇದೆಯಲ್ಲ, ಎನ್ನುತ್ತಾನೆ. ನಿನಗೆ ತಲೆ ಸರಿಯಿಲ್ಲ ಎಂದು ಯಾವತ್ತೂ ಗದರಿಲ್ಲ, ತುಂಬ ಪ್ರೀತಿಯಿಂದ ಹೇಳುತ್ತಾನೆ. ಈಗ ಅಣ್ಣನ ಮನೆಗೆ ಬಂದಿದ್ದೇನೆ, ತಪ್ಪು ಅವರದ್ದೋ ನನ್ನದೋ ತಿಳಿಯುತ್ತಿಲ್ಲ, ನೀವು ದೇವರನ್ನು ಬಲ್ಲವರು, ನೀವು ಹೇಳಿದ ಹಾಗೆ ಮಾಡುತ್ತೇನೆ. ಓದಿದಾಗ ಅವಳಿಗೆ ಮೊದಲು ಆದದ್ದು ಸಂತೋಷ. ಅದನ್ನು ಅವಳು ಯಾರಿಗೂ ಹೇಳಿಲ್ಲ, ತನಗೂ ಒಂದೆರಡು ಸಲವಷ್ಟೇ ಹೇಳಿಕೊಂಡಿದ್ದಾಳೆ. ಎಂಥ ಚೆಂದದ ಕೆಂಪು! ಕತ್ತಿಯಿಲ್ಲ, ರಕ್ತವಿಲ್ಲ, ಒಂದು ಕನ್ನಡಕ. ಆ ರಾತ್ರಿಯ ಹೊತ್ತಿಗೆ ಆರು ಅಧ್ಯಾಯ ಮನಸ್ಸಿನಲ್ಲಿ ಎದ್ದು ನಿಂತಿದ್ದವು. ಉತ್ತರ ನಾಳೆ ಬರೆದರಾಯಿತು ಎಂದುಕೊಂಡಳು. ಕಾಗದದ ತಲೆಯಲ್ಲಿದ್ದ ವಿಳಾಸವನ್ನು ಕಚೇರಿಯ ಪದ್ಧತಿಯಂತೆ ಆಗಲೇ ತಾನೇ ಕತ್ತರಿಸಿ ಅಂಚೆ ನೋಡುವವನಿಗೆ ಕೊಟ್ಟಾಗಿತ್ತು. ಓದುಗರ ಕಾಗದ ಲೇಖಕರಿಗೆ, ವಿಳಾಸ ಜಾಹೀರಾತಿಗೆ. ಹೊಸ ಪುಸ್ತಕ ಬಂದಾಗ ಆ ಚೂರುಗಳನ್ನೇ ಲಕೋಟೆಗಳ ಮೇಲೆ ಅಂಟಿಸುತ್ತಿದ್ದರು. ವಿಳಾಸವೇ ಇಲ್ಲವಲ್ಲ ಎಂಬುದು ಆಮೇಲೆ ಅವಳಿಗೆ ಒಂದು ಅನುಕೂಲದ ಕಾರಣವೂ ಆಯಿತು.

"ಹೊಸ ಪುಸ್ತಕ ಬಂದಿದೆ ಅಂತ ನೀವೇ ಚೀಟಿ ಕಳಿಸಿದ್ರಲ್ಲ," ಎನ್ನುತ್ತಿದ್ದಳು ಹೆಂಗಸು. "ನನ್ನ ಅಕ್ಷರದಲ್ಲೇ ಇದ್ದ ವಿಳಾಸ, ನನ್ನ ಕಾಗದದಿಂದಲೇ ಕತ್ತರಿಸಿ ಅಂಟಿಸಿದ್ದು. ನೋಡಿದ ಕೂಡಲೇ ಗೊತ್ತಾಯ್ತು, ಇದು ಉತ್ತರ ಅಂತ. ಎಲ್ಲಾನೂ ಹಾಗೇ ಬರೆದುಬಿಟ್ಟಿದ್ದೀರ. ಕುರ್ಚಿ, ಕನ್ನಡಕ, 'ಇಲ್ಲೇ ಇದೆಯಲ್ಲ' ಅನ್ನೋದು. ಅಣ್ಣನಿಗೆ ತೋರಿಸಿದೆ. ಕಾದಂಬರಿ ಓದಿ ಹುಚ್ಚು ಹಿಡೀತು ನಿನಗೆ ಅಂದ. ಪುಸ್ತಕದಲ್ಲೂ ಅಣ್ಣ ಹಾಗೇ ಅಂತಾನಲ್ಲ! ನಗು ಬಂತು ನನಗೆ. ಕೊನೇಲಿ ಬಚ್ಚಿಟ್ಟಿದ್ದು ಗಂಡ ಅಲ್ಲ, ನಾದಿನಿ ಅಂತ ಓದಿದೆ ನೋಡಿ ಅಕ್ಕ, ಅವತ್ತೇ ಬ್ಯಾಗು ತಗೊಂಡು ವಾಪಸ್ ಹೋದೆ."

"ನಿನಗೆ ನಾದಿನಿ ಇದ್ದಾಳಾ?" ಎಂದಳು ಅವಳು.

"ಇಲ್ಲ. ಆದರೆ ಬೇರೆ ಯಾರೋ ಇರಬಹುದಲ್ಲ, ನಾನು ನೋಡಿಲ್ಲದೋರು."

ಪುಸ್ತಕದ ಮೇಲಿಟ್ಟಿದ್ದ ಬಲಗೈಯ ಉಂಗುರದ ಬೆರಳು ಮಡಚದೆ ನೆಟ್ಟಗೆ ನಿಂತಿತ್ತು. ನೋಡಿದ್ದನ್ನು ಗಮನಿಸಿ ಹೆಂಗಸು ಅದನ್ನು ಪುಸ್ತಕದ ಕೆಳಗೆ ಸರಿಸಿದಳು. "ಬಾಗಿಲ ಸಂದೀಲಿ ಸಿಕ್ಕಿತು. ಅವರು ಬಾಗಿಲು ಹಾಕೋವಾಗ ನಾನು ಗಮನಿಸಲಿಲ್ಲ. ಆಮೇಲೆ ಅವರೇ ಪಟ್ಟಿ ಕಟ್ಟಿದ್ರು, ಇಡೀ ದಿನ ಪಕ್ಕದಲ್ಲೇ ಕೂತಿದ್ರು, ನಿಮ್ಮ ಹನ್ನೊಂದನೇ ಅಧ್ಯಾಯದ ಹಾಗೆ." ಹನ್ನೊಂದನೆಯ ಅಧ್ಯಾಯ. ನಾಯಕ ಗಾಯಕ್ಕೆ ಪಟ್ಟಿ ಕಟ್ಟುವಾಗ ಅವನ ಕೈ ನಡುಗುತ್ತದೆ. ಅಲ್ಪವಿರಾಮ ಅಲ್ಲಿ ದಪ್ಪ ಹಸಿರು ಗೆರೆ ಎಳೆದಿದ್ದರು. ಇಂಥ ಪೆದ್ದಿಯೂ ಇರುತ್ತಾಳೆಯೆ, ಎಂದು ಅವಳೊಳಗೆ ಒಂದು ತಿರಸ್ಕಾರ ಭುಗಿಲೆದ್ದಿತು. ಅದು ಒಂದು ಕ್ಷಣ ಅವಳಿಗೆ ಹಿತವಾಗಿಯೂ ಇತ್ತು. ತಪ್ಪನ್ನು ಓದಿದವಳ ತಲೆಯ ಮೇಲೆ ಹೊರಿಸಿ ಹಗುರಾಗುವ ಹಿತ. ಆದರೆ ಪೆದ್ದಿಯರಿಗೆಂದೇ ಅಲ್ಲವೆ ಹನ್ನೊಂದು ವರ್ಷ ಬರೆದದ್ದು. ಬುದ್ಧಿವಂತರು ಓದಲಿ ಎಂದು ಒಂದು ಸಾಲನ್ನಾದರೂ ಬರೆದಿದ್ದಳೆ?

"ನಾಳೆ ಮನೆ ಬದಲಾಯಿಸ್ತಿದ್ದೀವಿ," ಎಂದಳು ಹೆಂಗಸು, ಈಗ ದನಿ ತಗ್ಗಿಸಿ. "ಅವರಿಗೆ ಅಣೆಕಟ್ಟಿನ ಹತ್ತಿರ ವರ್ಗ ಆಗಿದೆ. ಕೇಳಿ ತಗೊಂಡಿದ್ದು. ಸುತ್ತ ಯಾರೂ ಇಲ್ಲವಂತೆ, ಒಂದೇ ಮನೆ, ನೀರು. ಫೋನೂ ಸಿಗಲ್ಲ. ನಮ್ಮಿಬ್ಬರಿಗೂ ನೆಮ್ಮದಿ ಅಂತಾರೆ. ಪುಸ್ತಕದಲ್ಲೂ ಕೊನೆಗೆ ನೀರಿನ ಹತ್ತಿರದ ಮನೆಗೇ ಹೋಗ್ತಾರಲ್ಲ. ಅಲ್ಲಿಗೆ ನೀವು ನಿಲ್ಲಿಸಿಬಿಟ್ಟಿದ್ದೀರ. ಆಮೇಲೆ ಏನಾಗುತ್ತೆ ಅಕ್ಕ? ಎರಡನೇ ಭಾಗ ಏನಾದರೂ ಬರೆದಿದ್ದೀರಾ ಅಂತ ಕೇಳಿಕೊಂಡು ಹೋಗೋಣ ಅಂತ ಬಂದೆ. ಐದೂವರೆ ಬಸ್ಸಿಗೆ ಹೋಗಲೇಬೇಕು, ಏಳಕ್ಕೆ ಅವರು ಬಂದುಬಿಡ್ತಾರೆ."

ಅಷ್ಟರಲ್ಲಿ ಮಾಲೀಕರು ಒಳಕೋಣೆಯಿಂದ ಇಣುಕಿದರು. ಓದುಗರ ವಾಸನೆ ಅವರ ಮೂಗಿಗೆ ಬೇಗ ಬಡಿಯುತ್ತದೆ. "ನಮ್ಮ ಪುಸ್ತಕ ಓದಿದೀರಾ ತಾಯಿ? ಸಂತೋಷ, ಸಂತೋಷ. ಎಷ್ಟೋ ಸಂಸಾರ ಸರಿಹೋಗಿವೆ ಇವರ ಕೈಯಿಂದ." ಹೆಂಗಸು ಎದ್ದು ನಿಂತು, ನಮ್ಮದೂ ಸರಿಹೋಯ್ತು ಸಾರ್, ಎಂದಳು. ಮಾಲೀಕರ ಮುಖ ಅರಳಿತು. ಕಪಾಟಿನಿಂದ ಒಂದು ಪ್ರತಿ ತೆಗೆದು ಉಚಿತವಾಗಿ ಕೊಟ್ಟರು. ಜೊತೆಗೊಂದು ಬಿಳಿ ಹಾಳೆ. "ಈಗ ಹೇಳಿದಿರಲ್ಲ, ಅದನ್ನೇ ಮೂರು ಸಾಲು ಬರೆದುಕೊಡಿ. ಹಿಂದಿನ ರಟ್ಟಿಗೆ ಹಾಕ್ತೀವಿ. ಹೆಸರು ಬೇಡ ಅಂದ್ರೆ ಒಬ್ಬ ಓದುಗರು ಅಂತ ಹಾಕಿದರಾಯ್ತು." ಅವರು ಒಳಗೆ ಹೋದ ಮೇಲೆ ಹೆಂಗಸು ನಿಜಕ್ಕೂ ಪೆನ್ನು ಹುಡುಕಿದಳು. ಆ ಬೆರಳನ್ನು ಬದಿಗಿಟ್ಟು ಉಳಿದ ಬೆರಳುಗಳಲ್ಲಿ ಪೆನ್ನು ಹಿಡಿಯುವುದನ್ನು ಆಗಲೇ ಅಭ್ಯಾಸ ಮಾಡಿಕೊಂಡಿದ್ದಳು.

"ಬರೀಬೇಡ," ಎಂದಳು ಅವಳು. ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. "ಕೇಳಿಲ್ಲಿ. ಅದು ಸುಳ್ಳು. ಪುಸ್ತಕದ ಕೊನೆ ಸುಳ್ಳು. ನಿನ್ನ ಕಾಗದ ಓದಿದ ದಿನವೇ ನನಗೆ ಗೊತ್ತಿತ್ತು, ಬಚ್ಚಿಟ್ಟವನು ಅವನೇ ಅಂತ. ಯಾರು ಓದಿದರೂ ಗೊತ್ತಾಗುತ್ತೆ. ನಾದಿನೀನ ನಾನು ತಂದು ಹಾಕಿದ್ದು. ಗಂಡನೇ ಕೆಟ್ಟವನಾದರೆ ಈ ಪುಸ್ತಕಗಳಲ್ಲಿ ಆಗಲ್ಲ, ಪ್ರೀತಿಗೆ ಜಾಗ ಇರಲ್ಲ. ಅಷ್ಟಕ್ಕೇ. ದೇವರು ನನಗೇನೂ ಹೇಳಿಲ್ಲ, ನಾನು ಕೇಳಿಯೂ ಇಲ್ಲ. ನೀನು ನಾಳೆ ಅಲ್ಲಿಗೆ ಹೋಗಬೇಡ. ಇವತ್ತು ಮನೆಗೂ ಹೋಗಬೇಡ. ಅಣ್ಣನ ಮನೆಗೆ ಹೋಗು. ಬೇಡ, ನಮ್ಮನೆಗೆ ಬಾ." ಒಂದೇ ಉಸಿರಿಗೆ ಇಷ್ಟು ಹೇಳಿ ಮುಗಿಸಿದಾಗ ತನ್ನ ದನಿ ತನಗೇ ಅಪರಿಚಿತವಾಗಿತ್ತು. ಮೂಲೆಯಲ್ಲಿ ಭೂತಗನ್ನಡಿ ಮೇಜಿನ ಮೇಲೆ ಮೆಲ್ಲಗೆ ಕೂತ ಸದ್ದಾಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಂದು ನಿಜ ಹೇಳಿದೆನಲ್ಲ ಎಂಬ ನಾಚಿಕೆಗೇಡಿ ಹೆಮ್ಮೆಯೊಂದು ಆಗಲೇ ಅವಳ ಎದೆಯಲ್ಲಿ ತಲೆಯೆತ್ತುತ್ತಿತ್ತು.

ಹೆಂಗಸು ಕನ್ನಡಕ ಸರಿಪಡಿಸಿಕೊಂಡು ಅವಳನ್ನು ನೋಡಿದಳು. ಮುಖ ಬಿಳಿಚಿತು, ತುಟಿ ಕಂಪಿಸಿತು. ಈಗ ಅಳುತ್ತಾಳೆ ಎಂದುಕೊಂಡಳು ಅವಳು, ಕೈ ಹಿಡಿಯಲು ಮುಂದೆ ಬಾಗಿದಳು. ಆದರೆ ಆ ಮುಖದ ಮೇಲೆ ನಿಧಾನಕ್ಕೆ ಬೇರೇನೋ ಹರಡಿಕೊಂಡಿತು. ಪರೀಕ್ಷೆಯಲ್ಲಿ ಕಷ್ಟದ ಪ್ರಶ್ನೆಗೆ ಉತ್ತರ ಹೊಳೆದವರ ಕಳೆ.

"ಹದಿನೇಳು," ಎಂದಳು ಹೆಂಗಸು.

"ಏನು?"

"ಹದಿನೇಳನೇ ಅಧ್ಯಾಯ. ಎಲ್ಲಾ ಪುಸ್ತಕದಲ್ಲೂ ಬರುತ್ತಲ್ಲ ಅಕ್ಕ, ಕೊನೆಗೆ ಮುಂಚೆ ಒಬ್ಬರು ಬಂದು ಬಿಟ್ಟು ಬಾ ಅಂತಾರೆ. ಒಂದು ವಾರದಿಂದ ಕಾಯ್ತಿದ್ದೆ, ಯಾರು ಬರ್ತಾರೆ ಅಂತ. ಅಣ್ಣ ಇರಬಹುದು, ಪಕ್ಕದ ಮನೆಯೋರು ಇರಬಹುದು ಅಂದುಕೊಂಡಿದ್ದೆ. ನೀವೇ ಆಗಿರ್ತೀರ ಅಂದುಕೊಂಡಿರಲಿಲ್ಲ." ಕಣ್ಣಲ್ಲಿ ನೀರಿತ್ತು, ನಗುವೂ ಇತ್ತು. "ಪರೀಕ್ಷೆ ಮಾಡಿದ್ರಿ ಅಲ್ವಾ? ಒಂದು ಗಳಿಗೆ ನಂಬಿಬಿಟ್ಟಿದ್ದೆ ನೋಡಿ!"

"ಇಲ್ಲಮ್ಮ, ಪರೀಕ್ಷೆ ಅಲ್ಲ. ನಾನು ನಿಜ..."

"ಅವರೂ ಹಾಗೇ ಅಂತಾರೆ. ನಿಜ ಹೇಳ್ತಿದ್ದೀನಿ ಅಂತಾನೇ ಅಂತಾರೆ." ಹೇಳಿ ಹೆಂಗಸು ಕನ್ನಡಕದ ಹಿಂದೆ ಕಣ್ಣು ಮುಚ್ಚಿದಳು. ಕೈ ಜೋಡಿಸಿದಳು, ಒಂದು ಬೆರಳು ಜೋಡಿ ತಪ್ಪಿ ನಿಂತಿತು. ತುಟಿ ಪಿಸುಗುಟ್ಟತೊಡಗಿತು. ಬರೆದವಳಿಗೆ ಮೊದಲ ಸಾಲಿಗೇ ಗುರುತು ಸಿಕ್ಕಿತು. ದಣಿವಿನ ಮೂರು ಸಾಲು. ಆಮೇಲೆ ಪ್ರಶ್ನೆಯ ನಾಲ್ಕು. ಒಂದು ಪದವೂ ಆಚೀಚೆಯಾಗದೆ, ತಾನು ಮಧ್ಯಾಹ್ನದ ನಿದ್ದೆಗಣ್ಣಿನಲ್ಲಿ ಗೀಚಿದ್ದ ಸಾಲುಗಳು ಬರುತ್ತಿದ್ದವು. ಎಂಟನೆಯ ಸಾಲಿಗೆ ತಂಗಾಳಿ ಬೀಸಬೇಕು ಎಂದು ಅವಳಿಗೆ ಗೊತ್ತಿತ್ತು. ಎದುರಿನ ಮುಖದಲ್ಲಿ ಅದು ಬೀಸುವುದನ್ನು ಕಣ್ಣಾರೆ ಕಂಡಳು. ಹುಬ್ಬು ಸಡಿಲಿತು, ಭುಜ ಇಳಿಯಿತು. ತಡೆಯಲು ಅವಳಲ್ಲಿ ಯಾವ ಮಾತೂ ಇರಲಿಲ್ಲ. ತಡೆಯುವವರಿಗೆಂದು ಇದ್ದ ಒಳ್ಳೆಯ ಮಾತುಗಳನ್ನೆಲ್ಲ ಅವಳೇ ಮೂವತ್ತೇಳು ಸಲ ಹೇಳಿಸಿ, ಮೂವತ್ತೇಳು ಸಲ ಸುಳ್ಳು ಮಾಡಿ ಇಟ್ಟಿದ್ದಳು.

ಹತ್ತು ಸಾಲು ಮುಗಿಯಿತು. ಹೆಂಗಸು ಕಣ್ಣು ತೆರೆದು, ಬಗ್ಗಿ ಅವಳ ಕೈ ಮುಟ್ಟಿ, "ಬರ್ತೀನಿ ಅಕ್ಕ. ಎರಡನೇ ಭಾಗ ಬಂದರೆ ಚೀಟಿ ಕಳಿಸಿ," ಎಂದು ಎರಡೂ ಪುಸ್ತಕ ಎದೆಗೊತ್ತಿಕೊಂಡು ಮೆಟ್ಟಿಲಿಳಿದಳು.

ಗೋಡೆಯ ಗಡಿಯಾರದಲ್ಲಿ ಐದೂ ಇಪ್ಪತ್ತೈದು. ಒಳಗಿನಿಂದ ಮಾಲೀಕರು, "ಮೇಡಂ, ನೀಲಿ ಆಯ್ತಾ?" ಎಂದರು. ಮೇಜಿನ ಮೇಲೆ ದಣಿವಿನ ಮೂರು ಸಾಲು ಬಾಯಿ ತೆರೆದುಕೊಂಡು ಕೂತಿದ್ದವು. ಈ ಮೇಜಿನಿಂದ ಇನ್ನೇನು ಬರೆದು ಕಳಿಸಿದರೂ ಅದು ಇನ್ನೊಂದು ಅಧ್ಯಾಯವಾಗುತ್ತದೆ, ಅಷ್ಟೆ. ತಪ್ಪೊಪ್ಪಿಗೆಯ ಕಾಗದ ಬರೆದರೆ ಅದಕ್ಕೂ ಆ ಹೆಂಗಸು ಒಂದು ಅಧ್ಯಾಯದ ಅಂಕೆ ಹುಡುಕುತ್ತಾಳೆ. ಮೂಲೆಯಿಂದ ಅಲ್ಪವಿರಾಮ ಅವಳನ್ನೇ ನೋಡುತ್ತಿದ್ದರು. "ಪ್ರತಿ ಹದಿನೇಳಕ್ಕೂ, ಗೆರೆ ಎಳೆದವನು, ನಾನೇ ಅಮ್ಮಾ," ಎಂದರು. ಸ್ವಲ್ಪ ತಡೆದು, "ಬಸ್ಸು, ಎದುರು ಬದಿಯಲ್ಲಿ, ನಿಲ್ಲುತ್ತೆ," ಎಂದರು.

ಅವಳು ಎದ್ದ ರಭಸಕ್ಕೆ ಕಟ್ಟು ನೆಲಕ್ಕೆ ಬಿತ್ತು. ಹೆಕ್ಕಲು ನಿಲ್ಲಲಿಲ್ಲ. ಮೆಟ್ಟಿಲಲ್ಲಿ ಮಂಡಿ ನೋವು ನೆನಪಾಯಿತು, ರಸ್ತೆಯಲ್ಲಿ ಸ್ಕೂಟರಿನವನೊಬ್ಬ ಬೈದ. ತಲೆಗೆ ಬಣ್ಣ ಹಚ್ಚಿದ, ಉಸಿರು ಸಾಲದ, ಕೈಚೀಲ ಮಾತ್ರ ಹೇಗೋ ಬಗಲಲ್ಲಿ ಉಳಿದ ಹೆಂಗಸೊಬ್ಬಳು ಹೊರಡುತ್ತಿದ್ದ ಬಸ್ಸಿನ ಹಿಂದೆ ಓಡುವುದನ್ನು ಅಂಗಡಿಯವರು ನಿಂತು ನೋಡಿದರು. ತನ್ನ ಪುಸ್ತಕಗಳಲ್ಲಿ ನಾಯಕಿಯರು ಇಂಥಲ್ಲಿ ಜಿಂಕೆಯಂತೆ ಓಡುತ್ತಿದ್ದರು ಎಂದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಯಾರೋ ಕೈಕೊಟ್ಟು ಮೇಲೆಳೆದುಕೊಂಡರು. ಒಳಗೆ ಮೂರನೆಯ ಸಾಲಿನಲ್ಲಿ ಕಪ್ಪು ದಾರ ಕಟ್ಟಿದ ಕುತ್ತಿಗೆ ಕಾಣಿಸಿತು. ಆ ಹೆಂಗಸು ತಿರುಗಿ ನೋಡಿದಳು. ಮುಖದ ಮೇಲಿನ ಸಮಾಧಾನ ಒಂದಿಷ್ಟು ಕಲಕಿತು. ಇದು ಯಾವ ಅಧ್ಯಾಯ ಎಂದು ಆ ಹೆಂಗಸಿಗೆ ಹೊಳೆಯಲಿಲ್ಲವೆಂದು ಕಾಣುತ್ತದೆ. ಹಿತೈಷಿಗಳು ಬಸ್ಸು ಹತ್ತುವುದು ಯಾವ ಪುಸ್ತಕದಲ್ಲೂ ಇರಲಿಲ್ಲ.

"ಅಕ್ಕ, ನೀವು ಎಲ್ಲಿಗೆ?"

ಅವಳು ಕಂಬಿ ಹಿಡಿದು ಮುಂದೆ ಬಂದಳು. ಹೇಳಿದರೆ ಅದೂ ಪುಸ್ತಕದ ಮಾತಾಗುತ್ತದೆ. ಪಕ್ಕದ ಜಾಗದಲ್ಲಿ ಕೂತಳು. ಏಳು ಗಂಟೆಗೆ ಬಾಗಿಲು ತೆರೆಯುವವನ ಮುಂದೆ ನಿಂತು ಏನು ಹೇಳಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಹೆದರಿಕೆಯಾಗುತ್ತಿತ್ತು. ಪಾತ್ರೆ ಒರೆಸುತ್ತಿದ್ದ ಅಮ್ಮನ ತುಟಿ ಎಲ್ಲೋ ಒಂದು ಕ್ಷಣ ಅಲುಗಿ ಮರೆಯಾಯಿತು. ಕಂಡಕ್ಟರ್ ಚೀಟಿಯ ಕಟ್ಟನ್ನು ಹೆಬ್ಬೆರಳಿನಲ್ಲಿ ಸರಸರ ಸವರುತ್ತ ಬಂದು ನಿಂತ.

"ಎಲ್ಲಿಗಮ್ಮಾ?"

ಊರಿನ ಹೆಸರಾಗಲಿ, ನಿಲ್ದಾಣದ ಹೆಸರಾಗಲಿ ಅವಳಿಗೆ ಗೊತ್ತಿರಲಿಲ್ಲ. ಕೈಗೆ ಬಂದಿದ್ದದ್ದು ಒಂದೇ ವಿಳಾಸ, ಅದನ್ನೂ ತಾನೇ ಕತ್ತರಿಸಿ ಕೊಟ್ಟಿದ್ದಳು. ಅವಳು ಪಕ್ಕಕ್ಕೆ ಕೈ ತೋರಿಸಿದಳು.

"ಇವರು ಎಲ್ಲಿ ಇಳೀತಾರೋ ಅಲ್ಲಿಗೆ."